ತೂತು ಬಿದ್ದ ಕಲ್ಲು

ಶಹಾಪುರದ ಬೆಟ್ಟ ದೂರದಿಂದ ಮಲಗಿದ ಮನುಷ್ಯನಂತೆ ಕಾಣುತ್ತದೆ. ಹೋಲಿಸಿ ನೋಡಲೆಂದು ಚೀಲದಿಂದ ಕಾರ್ಡೊಂದನ್ನು ತೆಗೆದೆ. ಅದರಲ್ಲಿ ಕಳೆದ ಶತಮಾನದ ಹೆಸರಾಂತ ವಿದೇಶಿ ಶಿಲ್ಪಿಯೊಬ್ಬನ ಕೃತಿಯ ಚಿತ್ರವಿತ್ತು: ಮಲಗಿದ ಕಲ್ಲಿನ ಹೆಂಗಸು, ಹೊಟ್ಟೆ ಇರಬೇಕಾದಲ್ಲಿ ಆರಪಾರ ತೂತು. ರಸ್ತೆ ಬದಿಯಲ್ಲಿ ಒರಳು ಕಡಿಯುತ್ತಿದ್ದ ಹಣಮಂತಪ್ಪ ಎಂಬ ಹಿರಿಯರು ಉಳಿ ಕೆಳಗಿಟ್ಟು ಕಾರ್ಡನ್ನು ಇಸಿದುಕೊಂಡರು.

"ಅಯ್ಯ, ತೂತು ಬಿತ್ತಲ್ರಿ!" ಎಂದು ಲೊಚಗುಟ್ಟಿದರು. "ಎಷ್ಟು ದಿನದ ಕೆಲಸನೋ, ಪಾಪ."

"ಬೇಕಂತಲೇ ಕೊರೆದದ್ದು ಅದು," ಎಂದೆ.

"ನಾವೂ ಹಂಗ ಅಂತೀವ್ರಿ, ಕೈ ತಪ್ಪಿದಾಗ."

ಅವರ ಬೆನ್ನ ಹಿಂದೆ, ತಳ ತೂತಾದ ಒರಳೊಂದು ಗೋಣಿಚೀಲದಡಿ ಅರ್ಧ ಮುಚ್ಚಿಕೊಂಡಿತ್ತು. ಕಾರ್ಡನ್ನು ಮಗುಚಿ ನನ್ನ ಕೈಗಿಟ್ಟರು.

"ಇದನ್ನ ಎಲ್ಲಾರಿಗೂ ತೋರಸಬ್ಯಾಡ್ರಿ. ಕಸಬಿನ ಮನಷ್ಯಾ ಅದಾನ, ಹೆಸರು ಕೆಡತೈತಿ."