ಕೌದಳ್ಳಿಯ ನೀರಿನ ಬೀಗ

ಕೌದಳ್ಳಿಯ ಶುದ್ಧ ನೀರಿನ ಘಟಕದ ಬೀಗದ ಕೈ ಮಹದೇವಿಯ ಸೊಂಟದಲ್ಲಿರುತ್ತದೆ. ಜಾಗ ಪಂಚಾಯಿತಿಯದು, ಯಂತ್ರ ಮತ್ತು ಸಂಬಳ ಘಟಕ ನಡೆಸುವ ಕಂಪನಿಯದು. ಈ ಕೆಲಸಕ್ಕೆ ಮೊದಲು ಅವಳು ಕತ್ತಲಿರುವಾಗಲೇ ವ್ಯಾನು ಹತ್ತಿ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಮಗಳು ಎಚ್ಚರವಿದ್ದಾಗ ಮನೆಯಲ್ಲಿದ್ದದ್ದು ಕಡಿಮೆ. ಈಗ ಘಟಕದಿಂದ ಕೂಗಿದರೆ ಮನೆಗೆ ಕೇಳುತ್ತದೆ.

ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರು ಈ ರಸ್ತೆಯಲ್ಲೇ ಬರುತ್ತಾರೆ. ಅವರಿಗೆಂದು ಮನೆಮನೆಯವರೂ ಬಾಗಿಲಲ್ಲಿ ಮಣ್ಣಿನ ಹರವಿಯಲ್ಲಿ ನೀರಿಡುತ್ತಿದ್ದರು. ಘಟಕ ಬಂದ ವರ್ಷ ಬೇಡವೆಂದವಳು ಮಹದೇವಿಯೇ. "ಎತ್ತಿಡ್ರವ್ವ ಆ ಸಪ್ಪೆ ನೀರ. ಇನ್ಮ್ಯಾಕೆ ನಮ್ ಮಿಷಿನ್ನೇ ಕೊಡ್ತದೆ." ಆ ವರ್ಷ ಕೊಟ್ಟಿತು ಕೂಡ. ಕಂಪನಿಯವರು ಬ್ಯಾನರು ಕಟ್ಟಿ ಫೋಟೊ ತೆಗೆಸಿಕೊಂಡರು.

ಮರುವರ್ಷ ನಲ್ಲಿಗೆ ಕಾರ್ಡು ಬಂತು; ತೋರಿಸಿದರಷ್ಟೇ ನೀರು. ಕಾರ್ಡು ಕೊಟ್ಟದ್ದು ಊರವರಿಗೆ ಮಾತ್ರ. ಹಬ್ಬದ ಮುನ್ನಾದಿನ ಬೆಳಿಗ್ಗೆ ಕಂಪನಿಯ ಸೂಪರ್‌ವೈಸರ್ ಮಲ್ಲಿಕಾರ್ಜುನಸ್ವಾಮಿ ಫೋನು ಮಾಡಿದ: "ನಿನ್ ಕಾರ್ಡಲ್ಲಿ ಯಾರ್ಗಾದ್ರೂ ನೀರ್ ಬುಟ್ಟೀಯೆ, ಕ್ಯಾಮೆರಾ ಅದೆ. ಆಮೇಲೆ ನನ್ನ ಕೇಳ್ಬ್ಯಾಡ."

ಮಧ್ಯಾಹ್ನದ ಬಿಸಿಲು. ಮೊದಲ ಗುಂಪು ಬಂದಾಗ ಬೀದಿಯಲ್ಲಿ ಒಂದು ಹರವಿಯೂ ಇರಲಿಲ್ಲ. ಮುಂದಿದ್ದ ಮುದುಕ ನಲ್ಲಿಯ ಕೆಳಗೆ ಬೊಗಸೆ ಹಿಡಿದ.

"ಕಾರ್ಡ್ ಅದಾ ತಾತ?"

"ಯಾವ ಕಾರ್ಡವ್ವ? ಆಧಾರಾ? ಮಾದಪ್ಪನ್ನ ನೋಡಾಕೂ ಆಧಾರ್ ಬೇಕಾ ಈಗ?"

ಹಿಂದಿದ್ದವರು ನಕ್ಕರು.

"ನೀರಿನ ಕಾರ್ಡು," ಎಂದಳು ಮಹದೇವಿ.

ನಗು ನಿಂತಿತು. ಅವಳ ಕಾರ್ಡು ಕುಪ್ಪಸದೊಳಗೇ ಇತ್ತು. ಕೈ ಅಲ್ಲಿಯವರೆಗೆ ಹೋಗಿ ಇಳಿಯಿತು. ಮುದುಕ ಒಣ ಬೊಗಸೆಯನ್ನು ಪಂಚೆಗೆ ಒರೆಸಿಕೊಂಡ. "ಓಗ್ಲಿ ಬುಡು ತಾಯಿ. ನಿಂದೇನ್ ತಪ್ಪು."

ಎದುರು ಮನೆಯ ಪುಟ್ಟಮಲ್ಲಮ್ಮ ಅಟ್ಟದಲ್ಲಿದ್ದ ಹರವಿಯನ್ನು ಇಳಿಸಿ, ತೊಳೆದು, ತುಂಬಿಸುವಷ್ಟರಲ್ಲಿ ಗುಂಪು ತಿರುವು ದಾಟಿತ್ತು. ಆಕೆ ರಸ್ತೆಯ ಈ ಬದಿಗೆ ಕೇಳುವಂತೆಯೇ ಹೇಳಿದಳು: "ಎತ್ತಿಡಿ ಅಂದ್ಲು, ಎತ್ತಿಟ್ವಿ. ನಮ್ಗೂ ಬುದ್ಧಿ ಬ್ಯಾಡ್ವಾ?"

ಸಂಜೆ ಮಲ್ಲಿಕಾರ್ಜುನಸ್ವಾಮಿ ಮತ್ತೆ ಫೋನು ಮಾಡಿ ಹೊಗಳಿದ. ಮಹದೇವಿ "ಊಂ ಸಾ" ಎಂದಳು.

ಕೆಲಸ ಬಿಟ್ಟಿಲ್ಲ. ಬಿಟ್ಟರೆ ಮತ್ತೆ ವ್ಯಾನು. ಈ ಸಲ ಶಿವರಾತ್ರಿಗೆ ಹೊಟ್ಟೆನೋವೆಂದು ರಜೆ ಹೇಳಿ, ಬೀಗದ ಕೈಯನ್ನು ಬದಲಿ ಹೆಂಗಸಿಗೆ ಕೊಟ್ಟು, ಮಗಳೊಂದಿಗೆ ತವರು ಹೊನ್ನೂರಿಗೆ ಬಸ್ಸು ಹತ್ತಿದಳು. ಅತ್ತಿಗೆ ರೂಪ ಕೇಳಿದಳು: "ಇದೇನಮ್ಮಿ, ನಡ್ಕಂಡೋಗೋರ್ನೆಲ್ಲ ಬುಟ್ಟು ಬಂದ್ಬುಟ್ಟೆ? ನೀರು ಕೊಡೋರ್ಯಾರು?"

"ಅಲ್ಲಿ ಜನ ಅವ್ರೆ," ಎಂದು ಮಹದೇವಿ ಮಗಳ ಜಡೆ ಬಿಚ್ಚತೊಡಗಿದಳು.