ಯಾವ ಆರಾಮ?

1989ರ ಫೆಬ್ರುವರಿಯಲ್ಲಿ ನಾನು ರಾಣೇಬೆನ್ನೂರಿನ ಒಂದು ಖಾಸಗಿ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಹಿರಿಯ ಸ್ಟಾಫ್ ನರ್ಸ್ ಆಗಿದ್ದೆ, ರೋಗಿಗಳ ಬಾಯಲ್ಲಿ 'ಬಾಯಾರ'. ಅದು ಬ್ಯಾಡಗಿಯ ಮೆಣಸಿನಕಾಯಿ ಸುಗ್ಗಿಯ ಕಾಲ. ಆ ಕಡೆಯವರ ಬಟ್ಟೆಯಲ್ಲೇ ಘಾಟು ಇರುತ್ತಿತ್ತು. ಒಬ್ಬರು ಒಳಗೆ ಬಂದರೆ ಇಡೀ ವಾರ್ಡು ಸೀನುತ್ತಿತ್ತು. ನಾನು ಬೈಯುತ್ತಿದ್ದೆ. ಬೈಯುವುದರಲ್ಲಿ ನನಗೆ ಆಗಲೇ ಹೆಸರಿತ್ತು.

ರೂತವ್ವ ಬ್ಯಾಡಗಿಯವಳು, ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಯವಳು. ಗಂಡ ದಾನಿಯೇಲಪ್ಪ ಅಲ್ಲಿಯೇ ಮಾರುಕಟ್ಟೆಯಲ್ಲಿ ಹಮಾಲಿ. ಆಕೆಗೆ ಅನ್ನನಾಳದ ಕ್ಯಾನ್ಸರ್. ಬಾಯಿಂದ ಒಂದು ಗುಟುಕು ನೀರು ಕೊಟ್ಟರೂ ಶ್ವಾಸಕ್ಕೆ ಹೋಗಿ ಒದ್ದಾಡುತ್ತಿದ್ದಳು. ರೈಲ್ಸ್ ಟ್ಯೂಬ್, ಅಂದರೆ ಮೂಗಿನಿಂದ ಹೊಟ್ಟೆಗೆ ಇಳಿಸುವ ಸಣ್ಣ ನಳಿಗೆ ಹಾಕಿ ಹಾಲು, ಗಂಜಿ ಕೊಡುತ್ತಿದ್ದೆವು. ಆಪರೇಷನ್ನಿನ ಕಾಲ ಮೀರಿ ಹೋಗಿತ್ತು.

ಅವರೂ ನಾನೂ ಕ್ರೈಸ್ತರು. ನಮ್ಮ ಸಭೆಯವರಲ್ಲಿ ಒಳ್ಳೆಯದೇನಾದರೂ ಆದರೆ 'ಸ್ತೋತ್ರ' ಎನ್ನುವ ರೂಢಿ. ರೂತವ್ವ ಸೀನಿದರೂ ಸ್ತೋತ್ರ ಅನ್ನುತ್ತಿದ್ದಳು.

"ಏನ್ ಕೊಟ್ಟಾನಂತ ಸ್ತೋತ್ರ ಹೇಳ್ತಿಯವ್ವಾ?" ಎಂದು ಒಮ್ಮೆ ರೇಗಿದೆ.

"ಸೀನು ಕೊಟ್ಟಾನಲ್ರಿ ಬಾಯಾರ," ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಅಂಥ ದೇವರ ಮೇಲೆ ಆ ದಿನಗಳಲ್ಲಿ ನನಗೆ ಸಿಟ್ಟೇ ಇತ್ತು.

ನಮ್ಮ ಡಾಕ್ಟರು ಮೈಸೂರು ಕಡೆಯವರು, ಮೃದು ಮಾತಿನವರು. ಒಂದು ಗುರುವಾರ ದಾನಿಯೇಲಪ್ಪನಿಗೆ, "ಮನೆಗೆ ಕರ್ಕೊಂಡು ಹೋಗಿ. ಇನ್ನು ಅವರು ಆರಾಮಾಗಿರಲಿ," ಎಂದರು. ನೋವಿಲ್ಲದೆ, ಮನೆಯವರ ನಡುವೆ ಕೊನೆಯ ದಿನ ಕಳೆಯಲಿ ಎಂಬುದು ಅವರ ಅರ್ಥ. ನಮ್ಮ ಕಡೆ ಆರಾಮ ಆಗುವುದೆಂದರೆ ರೋಗ ವಾಸಿಯಾಗುವುದು.

ಅಂದು ಸಂಜೆ ನನ್ನ ಡ್ಯೂಟಿ ಮುಗಿದ ಮೇಲೆ ಆಕೆಯನ್ನು ನಳಿಗೆಯ ಸಮೇತ ಮನೆಗೆ ಕರೆದೊಯ್ದಿದ್ದ ಅವನು ಮರುದಿನ ಪೇಡೆ ಹಿಡಿದುಕೊಂಡು ಬಂದ. "ಬಾಯಾರ, ಆಕಿ ಆರಾಮ ಆಗ್ಯಾಳಂತ! ಡಾಕ್ಟರ್ ಸಾಹೇಬ್ರ ಬಾಯಿಲೆ ಕೇಳೇನಿ. ಐತವಾರ ಮನ್ಯಾಗ ಸ್ತೋತ್ರದ ಪ್ರಾರ್ಥನಾ ಇಟ್ಟೇನಿ. ನಾನ ಹೋಳಿಗಿ ಮಾಡಿ ಆಕಿಗೆ ನನ್ನ ಕೈಲೆ ಉಣಸ್ತೇನಿ."

ನಾನು ಬಾಯಿ ತೆರೆಯುವಷ್ಟರಲ್ಲಿ ಬಸ್ಸಿನ ಹೊತ್ತಾಯಿತೆಂದು ಓಡಿಬಿಟ್ಟ. ಡಾಕ್ಟರಿಗೆ ಹೇಳಿದಾಗ ಅವರ ಮುಖ ಬಿಳಿಚಿತು. "ಸಿಸ್ಟರ್, ಅದು ನಿಮ್ಮ ಭಾಷೆ. ದಯವಿಟ್ಟು ನೀವೇ ಹೋಗಿ ಹೇಳಿ," ಎಂದರು. ಒಂದು ತುತ್ತು ಹೋಳಿಗೆ ಸಾಕಿತ್ತು, ಅದು ಶ್ವಾಸಕೋಶಕ್ಕೆ ಹೋಗಿ ಆಕೆ ಅಲ್ಲೇ ಮುಗಿಯುತ್ತಿದ್ದಳು.

ಭಾನುವಾರ ಬೆಳಿಗ್ಗೆ ಬ್ಯಾಡಗಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಾತು ಜೋಡಿಸಿದೆ, ಒಂದೂ ಹೊಂದಲಿಲ್ಲ. ರೂತವ್ವ ಹೊಸ್ತಿಲ ಬಳಿ ಚಾಪೆಯ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತಿದ್ದಳು. ಒಳಗೆ ಅವನು ಹೂರಣ ರುಬ್ಬುತ್ತಿದ್ದ.

"ಅವ್ರಿಗೆ ಹೇಳಾಕ ಬಂದೀರೇನ್ರಿ?" ಎಂದಳು ಮೆಲ್ಲಗೆ. "ನನಗ ಗೊತ್ತೈತ್ರಿ. ಪ್ರಾರ್ಥನಾ ಮುಗೀಲಿ. ಒಂದ ಹೊತ್ತು ನಗಲಿ ಅವ್ರು."

"ಹೋಳಿಗಿ?"

"ನನ್ನದು ಇವತ್ತ ಉಪವಾಸ ಅಂತ ಹೇಳೇನ್ರಿ."

ಗಂಟಲಲ್ಲಿ ನೀರು ಇಳಿಯದವಳು ಉಪವಾಸ ಹಿಡಿದಿದ್ದಳು! ದೇವರ ಹೆಸರಿನ ಉಪವಾಸ ಮುರಿಸುವ ಧೈರ್ಯ ಆ ಗಂಡನಿಗಿರಲಿಲ್ಲ. ನಾನು ಅಳಲಿಲ್ಲ, ಮೂಗು ಒರೆಸಿಕೊಂಡೆ. ಘಾಟು ಒಂದು ನೆಪವಾಯಿತು.

ಓಣಿಯ ಜನ ಕೂಡಿದರು. ಹಾಡು, ಬೈಬಲ್ ವಾಕ್ಯ ಆದ ಮೇಲೆ ಸ್ತೋತ್ರ ಹೇಳುವ ಆಕೆಯ ಸರದಿ ಬಂತು. ಒಡೆದ ದನಿಯಲ್ಲಿ ಹೇಳಿದಳು: "ಬಿಸಲು ಹೊಸ್ತಲಕ್ಕ ಬಂತು, ಸ್ತೋತ್ರ. ಮುಂಜಾನೆ ಸೀನು ಬಂತು, ಸ್ತೋತ್ರ. ನಮ್ಮನಿಯವ್ರು ಹೋಳಿಗಿ ಮಾಡ್ಯಾರ, ಒಂದೂ ದುಂಡಗ ಇಲ್ಲ, ಅದಕ್ಕೂ ಸ್ತೋತ್ರ." ಎಲ್ಲರೂ ನಕ್ಕರು, ದಾನಿಯೇಲಪ್ಪನೂ ನಕ್ಕ. ಆಕೆ ಹೋಳಿಗೆಯೊಂದನ್ನು ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿ, ನನ್ನ ಕೈಗೆ ಕೊಟ್ಟಳು. ತಿಂದೆ.

ಅವನು ಬಸ್ ಸ್ಟ್ಯಾಂಡಿನ ತನಕ ಕಳಿಸಲು ಬಂದ. ಅರ್ಧ ದಾರಿಯಲ್ಲಿ ನಿಂತ.

"ಬಾಯಾರ, ಎಲ್ಲಾದಕ್ಕೂ ಸ್ತೋತ್ರ ಅಂದ್ಲು. ಆರಾಮ ಆಗಿದ್ದಕ್ಕ ಯಾಕ ಅನ್ನಲಿಲ್ಲ?"

ಆಗ ಬಿಡಿಸಿ ಹೇಳಿದೆ. ಡಾಕ್ಟರು ಅಂದ ಆರಾಮ ಬೇರೆ, ನೀ ಕೇಳಿದ ಆರಾಮ ಬೇರೆ ಎಂದೆ. ಬಾಯಿಂದ ಏನೂ ಉಣಿಸಬೇಡ ಎಂದೆ. ಅವನು ಬಂದ ದಾರಿಯತ್ತ ತಿರುಗಿ, "ಹಂಗಾರ ಓಣಿ ಮಂದಿಗೆ ಏನ್ ಹೇಳ್ಲಿರಿ?" ಎಂದ. ನಾನು ಬಸ್ ಸ್ಟ್ಯಾಂಡಿನತ್ತ ನಡೆದೆ. ಬಸ್ಸು ಬಂತು, ಹತ್ತಿದೆ.

ಗುಡ್ ಫ್ರೈಡೇಗೆ ಮೊದಲೇ ರೂತವ್ವ ತೀರಿಕೊಂಡಳು. ಆಕೆಯ ಸ್ತೋತ್ರಗಳಿಂದ ರೋಗ ಕೂದಲೆಳೆಯಷ್ಟೂ ಹಿಂದೆ ಸರಿಯಲಿಲ್ಲ. ಪವಾಡ ನಡೆಯಿತೆಂದು ಬರೆಯಲು ನನಗೂ ಆಸೆಯಿದೆ, ಆದರೆ ನಡೆಯಲಿಲ್ಲ.

ಆಮೇಲೆ ಕೆಲಸದಲ್ಲಿದ್ದಷ್ಟು ವರ್ಷವೂ ಯಾವ ಡಾಕ್ಟರು ಆರಾಮ ಎಂದರೂ, ಯಾವ ಆರಾಮ ಎಂದು ಅಲ್ಲೇ ಕೇಳಿ, ಮನೆಯವರಿಗೆ ಬಿಡಿಸಿ ಹೇಳುತ್ತಿದ್ದೆ. ಈ ವೃತ್ತಿ ನನಗೆ ಕಲಿಸಿದ್ದರಲ್ಲಿ ಅದು ಸುಲಭದ ಪಾಠ. ಕಷ್ಟದ ಪಾಠ ಕಲಿಸಿದವನು ದಾನಿಯೇಲಪ್ಪ. ಮುಂದಿನ ಸುಗ್ಗಿಯಲ್ಲಿ ರಾಣೇಬೆನ್ನೂರಿನ ಪೇಟೆಯಲ್ಲಿ ಸಿಕ್ಕ. ನಮ್ಮ ಕಡೆಯ ರೂಢಿ, ಬಾಯಿ ತಪ್ಪಿ ಕೇಳಿಯೇಬಿಟ್ಟೆ: "ಆರಾಮ ಅದೀಯೇನಪಾ?"

"ಇಲ್ರಿ ಬಾಯಾರ," ಎಂದ. "ಆದ್ರ ಮುಂಜಾನೆ ಸೀನು ಬಂತ್ರಿ. ಬಾಯಾಗ ಸ್ತೋತ್ರ ಬಂತು. ಅನ್ನಬಾರದು ಅಂತ ಹಲ್ಲು ಕಚ್ಚಿದೆ. ಆದ್ರೂ ಬಂತ್ರಿ."