ಇಪ್ಪತ್ತೇಳು ಕೆಂಪು ತಂತಿಗಳ ಅಕ್ಕ

ಬೆಳಗಿನ ಆರೂಕಾಲು. ಅಡುಗೆಮನೆಯ ಮೇಜಿನ ಮೇಲೆ ಹಿಟ್ಟಿನ ಡಬ್ಬಿಗೆ ಒರಗಿಸಿಟ್ಟ ಲ್ಯಾಪ್‌ಟಾಪ್. ಪರದೆಯಲ್ಲಿ ಒಂಬತ್ತು ಮುಖಗಳು. ಒಬ್ಬನ ಬಾಯಲ್ಲಿ ಇನ್ನೂ ಬ್ರಷ್, ಇನ್ನೊಬ್ಬ ಬಸ್ಸಿನ ಕಿಟಕಿ ಪಕ್ಕ. "ಎಲ್ಲಿ, ತೋರಿಸ್ರಪ್ಪಾ," ಎನ್ನುತ್ತಾರೆ ಅಕ್ಕ. ಒಂಬತ್ತು ಕೈಗಳು ಮೇಲೇಳುತ್ತವೆ, ಒಂದೊಂದರಲ್ಲೂ ಮೂರು ಕೆಂಪು ತಂತಿ. ಅಕ್ಕ ಎಣಿಸುತ್ತಾರೆ. ಹಿಂದೆ ಕುಳಿತ ಅವರ ಅತ್ತೆಯೂ ಎಣಿಸುತ್ತಾರೆ. ಇಪ್ಪತ್ತೇಳು. "ಸರಿ, ಹೊರಡಿ."

ಲಿಫ್ಟ್ ರಿಪೇರಿ ಕಂಪನಿಯೊಂದರಲ್ಲಿ ದೂರು ಬರೆದುಕೊಂಡು ಮೆಕ್ಯಾನಿಕ್‌ಗಳಿಗೆ ಹಂಚುವುದು ಹತ್ತೊಂಬತ್ತು ವರ್ಷಗಳಿಂದ ಅಕ್ಕನ ಕೆಲಸ. ದಿನಕ್ಕೆ ನಲವತ್ತು ಕರೆಗಳಿಗೆ ಮೋಸವಿಲ್ಲ. ಸ್ಕ್ರೂಡ್ರೈವರ್ ಹಿಡಿದವರಲ್ಲ, ಆದರೆ ಆ ಕೆಂಪು ತಂತಿಯ ಕಥೆ ಅವರಿಗೆ ಅಂಗೈ ನೆಲ್ಲಿ. ಪರೀಕ್ಷೆ ಮಾಡುವಾಗ ಮೆಕ್ಯಾನಿಕ್ ಅದನ್ನು ಬಾಗಿಲಿನ ಬೀಗಕ್ಕೆ ಸಿಕ್ಕಿಸುತ್ತಾನೆ. ಅದು ಇರುವಷ್ಟು ಹೊತ್ತು ಬಾಗಿಲು ತೆರೆದಿದ್ದರೂ ಲಿಫ್ಟ್ ಓಡುತ್ತದೆ. ತೆಗೆಯಲು ಮರೆತರೆ ಹತ್ತಿದವರನ್ನು ದೇವರೇ ಕಾಯಬೇಕು.

"ಆಫೀಸಿದ್ದಾಗ ಗೋಡೆ ಮೇಲೆ ಮೊಳೆ ಹಲಗೆ ಇತ್ತು. ತಂತಿ ತಂದು ಅಲ್ಲೇ ನೇತು ಹಾಕೋರು. ಒಂದು ಮೊಳೆ ಖಾಲಿ ಕಂಡ್ರೆ ಟೀ ಕುಡೀತಿದ್ದವರೆಲ್ಲ ಬಾಯಿ ಮಾಡೋರು," ಎನ್ನುತ್ತಾರೆ ಅಕ್ಕ. ಮೂರು ವರ್ಷದ ಹಿಂದೆ ಆಫೀಸು ಮುಚ್ಚಿತು. ಎಲ್ಲರೂ ಮನೆಯಿಂದಲೇ ಕೆಲಸಕ್ಕೆ ಹೊರಟು, ಮೊಬೈಲಿನಲ್ಲೇ 'ತಂತಿ ತೆಗೆದಾಯ್ತು' ಎಂದು ಫಾರಂ ತುಂಬತೊಡಗಿದರು. ಒಬ್ಬರ ಮುಖ ಒಬ್ಬರಿಗೆ ಮರೆತೇ ಹೋಯಿತು. "ಫಾರಂ ಯಾರನ್ನೂ ಗದರಲ್ಲವಲ್ಲ! ಅದಕ್ಕೇ ಹಲಗೇನ ಪರದೆಗೆ ತಂದೆ."

ಮ್ಯಾನೇಜರ್‌ಗೆ ಇದು ಹಿಡಿಸಲಿಲ್ಲ. ಫಾರಂನಲ್ಲಿ ಟಿಕ್ ಬಿದ್ದ ಮೇಲೆ ಈ ಹತ್ತು ನಿಮಿಷ ದಂಡ ಎಂದರು, ತಿಂಗಳ ಕೊನೆಗೆ ನಿಲ್ಲಿಸಿ ಎಂದರು. ಅಕ್ಕ ಎದುರಾಡಲಿಲ್ಲ. "ಒಂದು ದಿನ ನೀವೂ ಬಂದು ಎಣಿಸಿ ಸರ್" ಎಂದಷ್ಟೇ ಕೇಳಿದರು.

ಅವರು ಬಂದ ದಿನವೇ ಅತ್ತೆ ಹಿಂದಿನಿಂದ ಕೂಗಿದರು: "ಇಪ್ಪತ್ತಾರೇ ಆಯ್ತಲ್ಲೇ!"

"ಚೀಲದಲ್ಲಿದೆ ಅಕ್ಕಾ," ಎಂದ ತಂಡದ ಹಿರಿಯ ಮೆಕ್ಯಾನಿಕ್.

"ತೆಗೆದು ತೋರಿಸಣ್ಣ. ಕಾಯ್ತೀನಿ."

ಚೀಲ ಬರಿದಾಯಿತು, ತಂತಿ ಸಿಗಲಿಲ್ಲ. ಹಿಂದಿನ ಸಂಜೆ ಅವನು ಮುಗಿಸಿದ್ದು ಮಕ್ಕಳ ಆಸ್ಪತ್ರೆಯ ಲಿಫ್ಟು. ಫಾರಂನಲ್ಲಿ ಎಲ್ಲಕ್ಕೂ ಟಿಕ್ ಬಿದ್ದಿತ್ತು. ಅಕ್ಕ ಆಸ್ಪತ್ರೆಯ ಕಾವಲುಗಾರನಿಗೆ ಫೋನ್ ಮಾಡಿ ಲಿಫ್ಟ್ ನಿಲ್ಲಿಸುವಷ್ಟರಲ್ಲಿ, ದಿನಾ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಬರುವವನ ಚೌಕ ಪರದೆಯಲ್ಲಿ ಖಾಲಿ. ಅವನ ಮನೆ ಆಸ್ಪತ್ರೆಯ ಹಿಂದಿನ ಬೀದಿಯಲ್ಲಿತ್ತು. ಯಾರೂ ಹೇಳುವ ಮೊದಲೇ ಓಡಿದ್ದ. ಎಂಟು ನಿಮಿಷದಲ್ಲಿ ಬಾಗಿಲ ಬೀಗದಿಂದ ಬಿಚ್ಚಿದ ಕೆಂಪು ತಂತಿಯನ್ನು ಪರದೆಗೆ ಹಿಡಿದ. ಹಿರಿಯ ಮೆಕ್ಯಾನಿಕ್ ಅತ್ತುಬಿಟ್ಟ. ಅವನನ್ನು ಯಾರೂ ಬೈಯಲಿಲ್ಲ.

ತಿಂಗಳ ಕೊನೆ ಬಂತು, ಹೋಯಿತು, ಬೆಳಗಿನ ವಿಡಿಯೋ ಕರೆ ನಿಲ್ಲಲಿಲ್ಲ. ಈಗ ಮ್ಯಾನೇಜರೂ ಆರೂಕಾಲಿಗೆ ಎಣಿಸುತ್ತಾರೆ. "ಅವರು ಸ್ವಲ್ಪ ನಿಧಾನ," ಎಂದು ನಗುತ್ತಾರೆ ಅತ್ತೆ.

ಜನಕ್ಕೆ ಇದೆಲ್ಲ ಗೊತ್ತಾಗಬೇಡವೇ ಎಂದು ಕೇಳಿದರೆ ಅಕ್ಕ ಬೇಡವೆಂದು ತಲೆಯಾಡಿಸುತ್ತಾರೆ. "ಲಿಫ್ಟ್ ಹತ್ತಿದವರು ಕನ್ನಡಿ ನೋಡ್ಕೊಂಡು ತಲೆ ಬಾಚ್ಕೋತಾರೆ. ನೆಮ್ಮದಿಯಾಗಿ ಬಾಚ್ಕೊಳ್ಳಲಿ. ಹೆದರೋ ಕೆಲಸ ಬೆಳಿಗ್ಗೇನೇ ನಾವು ಮುಗಿಸಿರ್ತೀವಿ."